ಹೈ ಡ್ರೈನ್ ಲಿಥಿಯಂ ಸೆಲ್ ಅಸಲಿ ತಾಕತ್ತು ನಾವೇ ಚೆಕ್ ಮಾಡೋದು ಹೇಗೆ? ಪ್ರೂನರ್, ಡ್ರಿಲ್, ಟಾರ್ಚ್ ಇಟ್ಕೊಂಡಿರೋರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ದ್ರಾಕ್ಷಿ ಪ್ರೂನಿಂಗ್‌ಗೆ, ಗುಲಾಬಿ ತೋಟಕ್ಕೆ, ಹಿಪ್ಪುನೇರಳೆ ಕಡ್ಡಿ ಸವರೋಕೆ ಬ್ಯಾಟರಿ ಕತ್ತರಿ, ಅಂದ್ರೆ ಪ್ರೂನರ್ ಇಟ್ಕೊಂಡಿರೋರು ಬೇಕಾದಷ್ಟು ಜನ ಇದಾರೆ, ಅವರು ರಿಪೇರಿಗೆ ತಂದಾಗ ಹೇಳೋ ಮಾತು ಹೆಚ್ಚುಕಮ್ಮಿ ಒಂದೇ: "ಅಣ್ಣಾ, ಮೊನ್ನೆ ತಾನೇ ಹೊಸ ಸೆಲ್ ಹಾಕ್ಸಿದೀನಿ, ಸಣ್ಣ ಕಡ್ಡಿ ಕಟ್ ಮಾಡುತ್ತೆ, ದಪ್ಪ ಕಡ್ಡಿಗೆ ಇಟ್ರೆ ಟಕ್ ಅಂತ ಆಫ್ ಆಗೋಗುತ್ತೆ, ಚಾರ್ಜ್ ನೋಡಿದ್ರೆ ಇನ್ನೂ ಅರ್ಧ ಇದೆ ಅಂತ ತೋರಿಸುತ್ತೆ." ಮೋಟರ್ ಹೋಗಿದೆ ಅಂತ ಮೋಟರ್ ಬದಲಾಯಿಸ್ತಾರೆ, ಬೋರ್ಡ್ ಬದಲಾಯಿಸ್ತಾರೆ, ಆದ್ರೆ ಬಹಳ ಸಲ ತೊಂದ್ರೆ ಇರೋದು ಸೆಲ್‌ನಲ್ಲೇ. ಸೆಲ್ ಮೇಲೆ ಬರೆದಿರೋ ಎಂಎಎಚ್ ನೋಡ್ಕೊಂಡು ತಗೊಂಡಿರ್ತಾರೆ, ಆ ಕೆಲಸಕ್ಕೆ ಬೇಕಾಗಿರೋ ಕರೆಂಟ್ ಅದು ಕೊಡುತ್ತಾ ಅಂತ ಯಾರೂ ನೋಡಿರಲ್ಲ. ಒಂದೇ ಸಲಕ್ಕೆ ಜಾಸ್ತಿ ಕರೆಂಟ್ ಕೊಡೋ ಸೆಲ್‌ಗೇ ಹೈ ಡ್ರೈನ್ ಅನ್ನೋದು.

ಕೆರೆ ತುಂಬಾ ನೀರಿದ್ರೂ ತೂಬು ಸಣ್ಣದಾಗಿದ್ರೆ ಗದ್ದೆಗೆ ನೀರು ಬೇಗ ಹೋಗಲ್ಲ, ಹಾಗೆ ಎಂಎಎಚ್ ಅನ್ನೋದು ಕೆರೆಯಲ್ಲಿರೋ ನೀರು, ಆಂಪ್ ಅನ್ನೋದು ತೂಬು. ಜಾಸ್ತಿ ಎಂಎಎಚ್ ಇರೋ ಸೆಲ್ ಒಳ್ಳೇದು ಅಂತ ಅಂದ್ಕೊಳೋದನ್ನ ಮೊದಲು ಬಿಡಬೇಕು. ಲೋಡ್ ಬಿದ್ದಾಗ ವೋಲ್ಟೇಜ್ ಎಷ್ಟು ನಿಲ್ಲುತ್ತೆ, ಎಷ್ಟು ಬಿಸಿ ಆಗುತ್ತೆ, ಈ ಎರಡೇ ಸೆಲ್‌ನ ನಿಜವಾದ ಜಾತಕ. ಅದನ್ನ ಮನೇಲೇ ಹೇಗೆ ಅಳೆಯೋದು ಅಂತ ಪೂರ್ತಿ ಬರೀತೀನಿ.

ಮೊದಲು ನಂಬರ್‌ಗಳನ್ನ ಓದೋದು ಕಲೀರಿ

18650 ಅಂದ್ರೆ 18 ಮಿಮೀ ದಪ್ಪ, 65 ಮಿಮೀ ಉದ್ದ, ಕೊನೇ ಸೊನ್ನೆ ಅಂದ್ರೆ ಗುಂಡಗಿನ ಸೆಲ್. 21700 ಅಂದ್ರೆ 21 ದಪ್ಪ, 70 ಉದ್ದ. ನಾನಿಲ್ಲಿ ಹೇಳ್ತಿರೋ ಮಾಮೂಲಿ ಲಿಥಿಯಂ ಅಯಾನ್ ಸೆಲ್‌ಗಳು ಫುಲ್ ಚಾರ್ಜ್‌ಗೆ 4.2 ವೋಲ್ಟ್, ಲೆಕ್ಕಕ್ಕೆ ಹಿಡಿಯೋದು 3.6 ಅಥವಾ 3.7, ಖಾಲಿ ಅಂದ್ರೆ ಕಂಪನಿ ಪ್ರಕಾರ 2.5ರ ಹತ್ರ. ನಾನು 2.8ಕ್ಕೇ ನಿಲ್ಲಿಸ್ತೀನಿ, ನೀವೂ ಅಲ್ಲೇ ನಿಲ್ಲಿಸಿ, ಅದರ ಕೆಳಗೆ ಉಳಿದಿರೋದು ಬಹಳ ಕಮ್ಮಿ, ಅದಕ್ಕೋಸ್ಕರ ಸೆಲ್ ಆಯಸ್ಸು ಕಳೆಯೋದು ಬೇಡ.

ಈಗ ಮುಖ್ಯವಾದ ವಿಷ್ಯ. ಒಂದೇ ಸೈಜಿನ ಡಬ್ಬದೊಳಗೆ ಕೆಪಾಸಿಟಿ ಜಾಸ್ತಿ ತುಂಬಬೇಕು ಅಂದ್ರೆ ಕರೆಂಟ್ ಕೊಡೋ ಶಕ್ತಿ ಬಿಟ್ಕೊಡಬೇಕು, ಕರೆಂಟ್ ಬೇಕು ಅಂದ್ರೆ ಕೆಪಾಸಿಟಿ ಬಿಟ್ಕೊಡಬೇಕು. ಸ್ಯಾಮ್‌ಸಂಗ್ 25ಆರ್ ತಗೊಳಿ, 2500 ಎಂಎಎಚ್, ಆದ್ರೆ 20 ಆಂಪ್ ಕಂಟಿನ್ಯುಯಸ್, ಅಂದ್ರೆ ಬಿಡುವಿಲ್ಲದೆ ಕೊಡೋ ಕರೆಂಟ್. ಅದೇ ಕಂಪನಿಯ 35ಇ 3500 ಎಂಎಎಚ್, ಆದ್ರೆ 8 ಆಂಪ್ ಅಷ್ಟೇ. 30ಕ್ಯೂ ಮಧ್ಯದ್ದು, 3000 ಎಂಎಎಚ್, 15 ಆಂಪ್. ಎಲ್‌ಜಿ ಎಚ್‌ಜಿ2 3000ಕ್ಕೆ 20 ಆಂಪ್. ಮೋಲಿಸೆಲ್ ಪಿ26ಎ 2600ಕ್ಕೆ 35 ಆಂಪ್ ಅಂತ ಕಂಪನಿ ಹೇಳುತ್ತೆ. ವಿಟಿಸಿ6 ಅನ್ನೋದು ಮೊದಲು ಸೋನಿ ಸೆಲ್, 2017ರಲ್ಲಿ ಸೋನಿ ಆ ಬ್ಯಾಟರಿ ವ್ಯವಹಾರನ ಮುರಾಟಾಗೆ ಮಾರ್ತು, ಹಂಗಾಗಿ ಎರಡೂ ಹೆಸರಲ್ಲಿ ಕಾಣಿಸುತ್ತೆ.

ಪ್ರೂನರ್‌ಗೆ, ಡ್ರಿಲ್‌ಗೆ 35ಇ ಹಾಕಿದ್ರೆ ಸೆಲ್ ಅಸಲಿನೇ, ಕೆಲಸಕ್ಕೆ ಮಾತ್ರ ತಪ್ಪು. ರಾತ್ರಿ ತ್ರೀ ಫೇಸ್ ಬಂದಾಗ ತೋಟಕ್ಕೆ ಹೋಗೋಕೆ ತಲೆಗೆ ಕಟ್ಕೊಳೋ ಟಾರ್ಚ್‌ಗೆ ಅದೇ 35ಇ ಬಂಗಾರದಂಥ ಸೆಲ್, ಬಹಳ ಹೊತ್ತು ಉರಿಯುತ್ತೆ. ಕೆಲಸ ನೋಡಿ ಸೆಲ್.

ಇನ್ನು 9900 ಎಂಎಎಚ್, 6800 ಎಂಎಎಚ್ ಅಂತ ಬರೆದಿರೋ 18650 ಸಿಗುತ್ತಲ್ಲ, ಅದನ್ನ ಕೈಲೂ ಮುಟ್ಟಬೇಡಿ. ಒಳ್ಳೊಳ್ಳೆ ಕಂಪನಿಗಳೇ ಆ ಸೈಜಲ್ಲಿ 3500ರ ಆಸುಪಾಸಲ್ಲಿ ನಿಂತಿವೆ.

ಆಂಪ್ ವಿಷ್ಯದಲ್ಲಿ ಇನ್ನೊಂದು ಮೋಸ ಇದೆ. ಸ್ಲೀವ್, ಅಂದ್ರೆ ಸೆಲ್‌ಗೆ ಸುತ್ತಿರೋ ಪ್ಲಾಸ್ಟಿಕ್ ಹೊದಿಕೆ ಮೇಲೆ "40 ಆಂಪ್" ಅಂತ ದಪ್ಪಕ್ಷರದಲ್ಲಿ ಹಾಕಿರ್ತಾರೆ, ಅದು ಪಲ್ಸ್ ರೇಟಿಂಗ್ ಆಗಿರುತ್ತೆ, ಅಂದ್ರೆ ಕೆಲವೇ ಸೆಕೆಂಡ್ ಕೊಡೋದು. ಎಷ್ಟು ಸೆಕೆಂಡ್, ಮಧ್ಯೆ ಎಷ್ಟು ಬಿಡುವು ಅನ್ನೋದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ, ಅದನ್ನ ಇಟ್ಕೊಂಡು ಎರಡು ಸೆಲ್ ಹೋಲಿಸೋಕೆ ಆಗಲ್ಲ. ಕಂಟಿನ್ಯುಯಸ್ ನಂಬರ್ ಮಾತ್ರ ನೋಡಿ, ಅದೂ ಸ್ಲೀವ್ ಮೇಲಿಂದಲ್ಲ, ಕಂಪನಿಯ ಡೇಟಾಶೀಟ್‌ನಿಂದ, ಅಂದ್ರೆ ಆ ಸೆಲ್‌ನ ವಿವರ ಬರೆದಿರೋ ಕಂಪನಿ ಹಾಳೆಯಿಂದ.

ಈ ಥರ ದೊಡ್ಡ ನಂಬರ್ ಹಾಕಿರೋ ಬಣ್ಣ ಬಣ್ಣದ ಸ್ಲೀವ್ ಸೆಲ್‌ಗಳು ಬಹಳಷ್ಟು ವೇಪ್, ಅಂದ್ರೆ ಇ-ಸಿಗರೇಟ್ ಯಂತ್ರಗಳಿಗೆ ಅಂತ ಬಂದಿರೋವು. ಸೆಲ್ ತಯಾರು ಮಾಡೋರು ಬೇರೆ, ಸ್ಲೀವ್ ಸುತ್ತಿ ತಮ್ಮ ಹೆಸರು ಹಾಕೋರು ಬೇರೆ. ನಮ್ಮ ದೇಶದಲ್ಲಿ ಇ-ಸಿಗರೇಟ್ ತಯಾರಿಕೆ, ಮಾರಾಟ, ಆಮದು, ಜಾಹೀರಾತು ಎಲ್ಲಾ 2019ರ ಕಾಯ್ದೆಯಿಂದ ನಿಷೇಧ ಆಗಿದೆ, ಹಂಗಾಗಿ ಆ ಯಂತ್ರದ ಬಗ್ಗೆ ನಾನು ಹೇಳೋಕೆ ಹೋಗಲ್ಲ. ಆದ್ರೆ ಒಂದು ಲೆಕ್ಕ ಅಲ್ಲಿಂದ ಕಲಿಯೋ ಹಾಗಿದೆ. ಒಂದೇ ಸೆಲ್‌ನಿಂದ 60 ವಾಟ್ ಎಳೆಯೋ ಯಂತ್ರ ಇದೆ ಅಂದ್ಕೊಳಿ, ಸೆಲ್ 4.2 ವೋಲ್ಟ್ ಇದ್ದಾಗ 14 ಆಂಪ್ ಸಾಕು, ಅದೇ 3.2ಕ್ಕೆ ಇಳಿದಾಗ 19 ಆಂಪ್ ಹತ್ರ ಬೇಕು, ಬೋರ್ಡ್‌ನಲ್ಲಿ ಆಗೋ ನಷ್ಟ ಸೇರಿಸಿದ್ರೆ 20 ದಾಟುತ್ತೆ. ವಾಟ್ ಅಷ್ಟೇ ಇಟ್ಕೊಳೋ ಬೋರ್ಡ್ ಇರೋ ಯಾವ ಯಂತ್ರಕ್ಕಾದ್ರೂ, ಪವರ್‌ಫುಲ್ ಟಾರ್ಚ್‌ಗೂ ಇದೇ ಲೆಕ್ಕ. ಸೆಲ್ ಸುಸ್ತಾದ ಹೊತ್ತಿಗೇ ಜಾಸ್ತಿ ಕೆಲಸ ಬೀಳುತ್ತೆ, ಅದಕ್ಕೆ ಸೆಲ್ ಆರಿಸುವಾಗ ಕೊನೇ ಹೊತ್ತಿನ ಕರೆಂಟ್ ಇಟ್ಕೊಂಡು ಆರಿಸಬೇಕು.

ತಗೊಳೋವಾಗ ಅಂಗಡಿಯಲ್ಲೇ ನೋಡೋದು

ನಮ್ಮೋರು ಜಾಸ್ತಿ ಬೆಂಗಳೂರು ಎಸ್‌ಪಿ ರೋಡ್‌ಗೆ ಹೋಗಿ ತರ್ತಾರೆ, ಇಲ್ಲಾ ಆನ್‌ಲೈನ್. ಜೇಬಲ್ಲಿ ಒಂದು ಸಣ್ಣ ಡಿಜಿಟಲ್ ತಕ್ಕಡಿ, ಒಂದು ಮಲ್ಟಿಮೀಟರ್ ಇರ್ಲಿ. ಅಸಲಿ 18650 ಸೆಲ್ 43ರಿಂದ 50 ಗ್ರಾಂ ತೂಗುತ್ತೆ. 30, 35 ಗ್ರಾಂ ಬಂತು ಅಂದ್ರೆ ವಾಪಸ್ ಇಟ್ಬಿಡಿ, ಒಳಗೆ ಮಾಲು ಇಲ್ಲ. ತೂಕ ಸರಿ ಇದ್ದ ಮಾತ್ರಕ್ಕೆ ಅಸಲಿ ಅಂತಲ್ಲ, ಹಳೇ ಲ್ಯಾಪ್‌ಟಾಪ್ ಸೆಲ್‌ಗೆ ಹೊಸ ಸ್ಲೀವ್ ಸುತ್ತಿದ್ರೂ ತೂಕ ಸರಿಯಾಗೇ ಇರುತ್ತೆ.

ಅದಕ್ಕೆ ತುದಿಗಳನ್ನ ನೋಡಿ. ಸ್ಪಾಟ್ ವೆಲ್ಡಿಂಗ್ ಮಾಡಿ ಕಿತ್ತಿರೋ ಸೆಲ್‌ನ ಮೈನಸ್ ತಳದಲ್ಲಿ ಸಣ್ಣ ಸಣ್ಣ ಚುಕ್ಕೆ ಇರುತ್ತೆ, ಉಜ್ಜಿ ಅಳಿಸಿದ್ರೆ ಒಂದೇ ದಿಕ್ಕಿಗೆ ಗೀರು ಕಾಣುತ್ತೆ, ಮೊಬೈಲ್ ಟಾರ್ಚ್ ಅಡ್ಡ ಹಿಡಿದು ನೋಡಿದ್ರೆ ಗೊತ್ತಾಗುತ್ತೆ. ಆಮೇಲೆ ವೋಲ್ಟೇಜ್: ಕಂಪನಿಯಿಂದ ಬಂದ ಹೊಸ ಸೆಲ್‌ಗಳು ಸ್ವಲ್ಪ ಚಾರ್ಜ್‌ನಲ್ಲೇ ಬಂದಿರ್ತವೆ, ಒಂದೇ ಲಾಟಿನವು ಹೆಚ್ಚುಕಮ್ಮಿ ಒಂದೇ ವೋಲ್ಟ್ ತೋರಿಸ್ತವೆ. ಒಂದು 3.5, ಇನ್ನೊಂದು 3.1, ಮತ್ತೊಂದು 2.4 ಅಂದ್ರೆ ಅದು ಹೊಸ ಲಾಟಲ್ಲ, ಕಲಬೆರಕೆ. 2 ವೋಲ್ಟ್‌ಗಿಂತ ಕೆಳಗೆ ಬಿದ್ದಿರೋ ಸೆಲ್ ಎಷ್ಟೇ ಕಮ್ಮಿ ರೇಟಿಗೆ ಕೊಟ್ರೂ ಬೇಡ. ಅಷ್ಟು ಕೆಳಗೆ ಹೋದಾಗ ಒಳಗಿನ ತಾಮ್ರದ ಹಾಳೆ ಕರಗೋಕೆ ಶುರುವಾಗುತ್ತೆ, ವಾಪಸ್ ಚಾರ್ಜ್ ಮಾಡುವಾಗ ಆ ತಾಮ್ರ ಎಲ್ಲೆಲ್ಲೋ ಕೂತು ಒಳಗೇ ಶಾರ್ಟ್ ಮಾಡಬಹುದು.

ಸ್ಲೀವ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ, ಅಂದ್ರೆ ಐಎಸ್ 16046 ಮತ್ತೆ ಆರ್ ಅಕ್ಷರದ ನಂಬರ್ ಇದ್ರೆ ಒಳ್ಳೇದು, ಬಿಲ್ ಕೇಳಿ ತಗೊಳಿ. ಅದು ಸುರಕ್ಷತೆಯ ಲೆಕ್ಕ, ಅದರಿಂದ ಹೈ ಡ್ರೈನ್ ಹೌದೋ ಅಲ್ವೋ ಅಂತ ಗೊತ್ತಾಗಲ್ಲ.

ಪಾಸಿಟಿವ್ ತುದಿ ಹತ್ರ ಬಿಳಿ ಪೇಪರ್ ಉಂಗುರ ಇರುತ್ತೆ, ಅದನ್ನೂ ನೋಡಿ. ಸೆಲ್‌ನ ಇಡೀ ಡಬ್ಬ ಮೈನಸ್, ಪಾಸಿಟಿವ್ ಸುತ್ತಾ ಇರೋ ಅಂಚು ಕೂಡ ಮೈನಸ್ಸೇ, ಮಧ್ಯೆ ಎರಡು ಮಿಲಿಮೀಟರ್ ಜಾಗ ಇರಬಹುದು ಅಷ್ಟೇ. ಅಲ್ಲಿ ಸ್ಲೀವ್ ಹರಿದು ಪೇಪರ್ ಹೋಗಿದ್ರೆ ಒಂದು ನಿಕಲ್ ಪಟ್ಟಿ ಅಡ್ಡ ತಾಗಿದ್ರೂ ಡೆಡ್ ಶಾರ್ಟ್. ಬೀಗದ ಕೈ, ಚಿಲ್ಲರೆ ಜೊತೆ ಸೆಲ್ ಜೇಬಿಗೆ ಹಾಕ್ಕೊಂಡು ಬಸ್ ಹತ್ತೋರಿಗೆ ಕೈ ಮುಗಿದು ಹೇಳ್ತೀನಿ, ದಯವಿಟ್ಟು ಒಂದು ಪ್ಲಾಸ್ಟಿಕ್ ಡಬ್ಬಿ ತಗೊಂಡು ಹೋಗಿ.

ಲೋಡ್ ಸೆಟಪ್ ಮಾಡ್ಕೊಳೋದು

ಎಲೆಕ್ಟ್ರಾನಿಕ್ ಲೋಡ್ ಮೆಷಿನ್ ಇದ್ರೆ ಸುಲಭ, ಇಲ್ದಿದ್ರೂ ಆಗುತ್ತೆ. 1 ಓಮ್ 50 ವಾಟ್ ಅಲ್ಯೂಮಿನಿಯಂ ಮೈ ಇರೋ ರೆಸಿಸ್ಟರ್ ನಾಲ್ಕು ತಗೊಳಿ, ಒಂದು ದಪ್ಪ ಅಲ್ಯೂಮಿನಿಯಂ ತಗಡಿಗೆ ಬೋಲ್ಟ್ ಮಾಡಿ. ಎರಡನ್ನ ಪ್ಯಾರಲಲ್ ಕೊಟ್ರೆ 0.5 ಓಮ್, ನಾಲ್ಕೂ ಕೊಟ್ರೆ 0.25 ಓಮ್. 4 ಸ್ಕ್ವೇರ್ ವೈರ್ ಹಾಕಿ, ಸ್ವಿಚ್‌ಗೆ 32 ಆಂಪ್ ಎಂಸಿಬಿ ಇಟ್ಕೊಳಿ, ಮಾಮೂಲಿ ಸ್ವಿಚ್ ಇಷ್ಟು ಕರೆಂಟ್ ತಡ್ಕೊಳಲ್ಲ. ಸ್ಪ್ರಿಂಗ್ ಇರೋ ಪ್ಲಾಸ್ಟಿಕ್ ಹೋಲ್ಡರ್ ಬೇಡವೇ ಬೇಡ, ಕರಗೋಗುತ್ತೆ. ಎರಡು ಮರದ ತುಂಡಿಗೆ ತಾಮ್ರದ ಪಟ್ಟಿ ಬಿಗಿದು, ಮಧ್ಯೆ ಸೆಲ್ ಇಟ್ಟು ಮರದ ಹೊರಗಡೆಯಿಂದ ಕ್ಲಾಂಪ್ ಹಾಕಿ, ಡಬ್ಬ ನಜ್ಜಾಗದ ಹಾಗೆ ಹದವಾಗಿ ಬಿಗಿ ಮಾಡಿ. ಪಾಸಿಟಿವ್ ಕಡೆ ತಾಮ್ರದ ಪಟ್ಟಿ ಸೆಲ್‌ನ ಮಧ್ಯದ ಗುಂಡಿಗಿಂತ ಅಗಲ ಇರಬಾರದು, ಕಾರಣ ಮೇಲೆ ಹೇಳಿದೀನಿ.

ಕರೆಂಟ್ ಅಳೆಯೋಕೆ ಡಿಸಿ ಅಳೆಯೋ ಕ್ಲಾಂಪ್ ಮೀಟರ್ ಬೇಕು. ಎಲೆಕ್ಟ್ರಿಷಿಯನ್‌ಗಳ ಹತ್ರ ಇರೋ ಸಾದಾ ಕ್ಲಾಂಪ್ ಮೀಟರ್ ಎಸಿ ಮಾತ್ರ ತೋರಿಸುತ್ತೆ, ನೋಡಿ ತಗೊಳಿ. ಮಲ್ಟಿಮೀಟರ್‌ನ 10 ಆಂಪ್ ತೂತಿಗೆ 13 ಆಂಪ್ ಹರಿಸಿದ್ರೆ ಫ್ಯೂಸ್ ಹೋಗಬಹುದು, ಫ್ಯೂಸ್ ಇಲ್ದಿರೋ ಅಗ್ಗದ ಮೀಟರ್ ಆದ್ರೆ ಮೀಟರ್ರೇ ಹೋಗಬಹುದು. ಇನ್ನು ಬಿಸಿ ನೋಡೋಕೆ ವೈರ್ ತುದಿಯ ಟೆಂಪರೇಚರ್ ಪ್ರೋಬ್ ಸಿಗುತ್ತೆ, ಸೆಲ್ ಹೊಟ್ಟೆ ಮಧ್ಯಕ್ಕೆ ಟೇಪ್ ಹಾಕಿ ಅಂಟಿಸಿ.

ಇದೆಲ್ಲಾ ಮನೆ ಒಳಗೆ ಬೇಡ. ಅಂಗಳದಲ್ಲಿ, ನೆರಳಲ್ಲಿ, ಸಿಮೆಂಟ್ ನೆಲದ ಮೇಲೆ, ಒಣಹುಲ್ಲು, ಗೋಣಿಚೀಲ, ರೇಷ್ಮೆ ಚಂದ್ರಿಕೆ ಯಾವುದೂ ಹತ್ರ ಇರಬಾರದು. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು. ಸೆಲ್ ಬುಸ್ ಅಂದ್ರೆ ಹತ್ರ ಹೋಗಬೇಡಿ, ಹೊಗೆ ಕುಡಿಬೇಡಿ, ಎಂಸಿಬಿ ಇಳಿಸಿ ದೂರ ಬನ್ನಿ. ಎಂಸಿಬಿನ ಸೆಲ್‌ನಿಂದ ಒಂದು ಮೀಟರ್ ದೂರಕ್ಕೆ ಇಟ್ಟಿರಬೇಕು ಅನ್ನೋದು ಇದಕ್ಕೇ. ಮಕ್ಕಳು ಸುತ್ತಮುತ್ತ ಇರೋವಾಗ ಮಾಡ್ಲೇಬೇಡಿ.

ಸ್ಯಾಗ್ ಟೆಸ್ಟ್ (ಲೋಡ್ ಬಿದ್ದಾಗ ವೋಲ್ಟೇಜ್ ಎಷ್ಟು ಕುಸಿಯುತ್ತೆ ಅನ್ನೋದು), ಇದೇ ಅಸಲಿ ಪರೀಕ್ಷೆ

ಸೆಲ್‌ನ ಒಳ್ಳೆ ಚಾರ್ಜರ್‌ನಲ್ಲಿ 4.2ಕ್ಕೆ ತುಂಬಿ, ಒಂದು ಗಂಟೆ ಸುಮ್ನೆ ಬಿಡಿ. ಆಮೇಲೆ ಮೀಟರ್ ಇಟ್ರೆ 4.15, 4.18 ಹೀಗೆ ಏನೋ ತೋರಿಸುತ್ತೆ, ಬರ್ಕೊಳಿ. ಮೀಟರ್ ಪ್ರೋಬ್ ಸೆಲ್‌ನ ಲೋಹಕ್ಕೇ ತಾಗಬೇಕು, ತಾಮ್ರದ ಪಟ್ಟಿಗಲ್ಲ, ವೈರಿಗಂತೂ ಅಲ್ಲ. ಪಟ್ಟಿ ಮೇಲಿಟ್ರೆ ಜಾಯಿಂಟ್‌ನಲ್ಲಿ ಬೀಳೋ ವೋಲ್ಟೇಜೂ ಸೆಲ್ ಲೆಕ್ಕಕ್ಕೆ ಸೇರ್ಕೊಂಡು ಒಳ್ಳೆ ಸೆಲ್ ಕೂಡ ಕೆಟ್ಟದ್ದಾಗಿ ಕಾಣುತ್ತೆ. ಈಗ ನಾಲ್ಕೂ ರೆಸಿಸ್ಟರ್ ಕೊಟ್ಟು ಎಂಸಿಬಿ ಎತ್ತಿ, ಹತ್ತು ಸೆಕೆಂಡ್ ಆದಾಗ ವೋಲ್ಟೇಜ್, ಕರೆಂಟ್ ಎರಡೂ ನೋಡಿ, ಇಳಿಸಿ. ಇಷ್ಟೇ ಕೆಲಸ.

ಉದಾಹರಣೆಗೆ ಒಂದು ಸೆಲ್ ಸುಮ್ನಿದ್ದಾಗ 4.16, ಲೋಡ್‌ನಲ್ಲಿ 3.83, ಕರೆಂಟ್ 13.2 ಆಂಪ್. ಬಿದ್ದಿದ್ದು 0.33 ವೋಲ್ಟ್, ಅದನ್ನ 13.2ರಿಂದ ಭಾಗಿಸಿದ್ರೆ 0.025 ಓಮ್, ಅಂದ್ರೆ 25 ಮಿಲಿಓಮ್. ಇದು ಸೆಲ್‌ನ ಒಳಗಿನ ರೆಸಿಸ್ಟೆನ್ಸ್, ಒಳ್ಳೆ ಹೈ ಡ್ರೈನ್ ಸೆಲ್ ಹೀಗೇ 20ರಿಂದ 35ರೊಳಗೆ ಇರುತ್ತೆ. ಇನ್ನೊಂದು ಸೆಲ್, ಸುಮ್ನಿದ್ದಾಗ 4.15, ಮೀಟರ್‌ನಲ್ಲಿ ಏನೂ ವ್ಯತ್ಯಾಸ ಕಾಣಲ್ಲ, ಲೋಡ್ ಕೊಟ್ಟ ತಕ್ಷಣ 3.22ಕ್ಕೆ ಕುಸಿಯುತ್ತೆ, ಕರೆಂಟ್ 11. ಬಿದ್ದಿದ್ದು 0.93, ಭಾಗಿಸಿದ್ರೆ 85 ಮಿಲಿಓಮ್. ಇದು ಹಳೇ ಸೆಲ್, ಇಲ್ಲಾ ನಕಲಿ.

ಈಗ ಇದನ್ನ ಪ್ರೂನರ್ ಒಳಗೆ ಇಟ್ಟು ಯೋಚನೆ ಮಾಡಿ. 21 ವೋಲ್ಟ್ ಅಂತ ಬರೆದಿರೋ ಪ್ಯಾಕ್ ಅಂದ್ರೆ ಐದು ಸೆಲ್ ಸೀರೀಸ್, 4.2 ಇಂಟು 5. ಡ್ರಿಲ್ ಮೇಲೆ 18 ವೋಲ್ಟ್, 20 ವೋಲ್ಟ್ ಅಂತ ಇರೋದೂ ಇದೇ ಐದು ಸೆಲ್ಲೇ, ಹೇಳೋ ರೀತಿ ಬೇರೆ ಅಷ್ಟೇ. ಮೊದಲನೇ ಥರದ ಐದು ಸೆಲ್ ಇದ್ರೆ ಕತ್ತರಿ ದಪ್ಪ ಕಡ್ಡಿ ಕಚ್ಚಿದಾಗ 20.8 ವೋಲ್ಟ್ 19ರ ಮೇಲೇ ನಿಲ್ಲುತ್ತೆ. ಎರಡನೇ ಥರದ್ದಾದ್ರೆ 16ಕ್ಕೆ ಬಂದ್ಬಿಡುತ್ತೆ. ಅರ್ಧ ಚಾರ್ಜ್‌ಗೆ ಬಂದಾಗ ಸೆಲ್ 3.6 ಇರುತ್ತೆ, ಅದರಲ್ಲಿ 0.9 ಕಳೀರಿ, 2.7. ಅಲ್ಲಿಗೆ ಬಿಎಂಎಸ್, ಅಂದ್ರೆ ಪ್ಯಾಕ್ ಒಳಗೆ ಸೆಲ್‌ಗಳನ್ನ ಕಾಯೋ ಬೋರ್ಡ್, "ಸೆಲ್ ಖಾಲಿ" ಅಂದ್ಕೊಂಡು ಕಟ್ ಮಾಡುತ್ತೆ, ಲೋಡ್ ಹೋದ ತಕ್ಷಣ ಸೆಲ್ ವಾಪಸ್ 3.6ಕ್ಕೆ ಏರುತ್ತೆ, ಲೈಟ್ ಅರ್ಧ ಚಾರ್ಜ್ ಇದೆ ಅಂತ ತೋರಿಸುತ್ತೆ. ರೈತರು ಹೇಳೋದು ಅಕ್ಷರಶಃ ನಿಜ, ಅರ್ಧ ಚಾರ್ಜ್ ಇದ್ದೇ ಇದೆ, ಹೊರಗೆ ಬರೋಕೆ ದಾರಿ ಇಲ್ಲ. ಐದರಲ್ಲಿ ಒಂದೇ ಒಂದು ಸೆಲ್ ಹೀಗಿದ್ರೂ ಸಾಕು, ಇಡೀ ಪ್ಯಾಕ್ ಅದರ ಹಣೆಬರಹಕ್ಕೆ ನಿಲ್ಲುತ್ತೆ.

ಅದಕ್ಕೆ ಸ್ಯಾಗ್ ಟೆಸ್ಟ್ ಫುಲ್ ಚಾರ್ಜ್‌ನಲ್ಲಿ ಒಂದ್ಸಲ, 3.6ಕ್ಕೆ ಇಳಿಸಿ ಇನ್ನೊಂದ್ಸಲ ಮಾಡಿ. ಬಿಸಿಯ ಲೆಕ್ಕಾನೂ ಇಲ್ಲೇ ಸಿಗುತ್ತೆ: ಕರೆಂಟ್ ಇಂಟು ಕರೆಂಟ್ ಇಂಟು ರೆಸಿಸ್ಟೆನ್ಸ್. ಮೊದಲನೇ ಸೆಲ್ ಒಳಗೆ ಹುಟ್ಟಿದ ಬಿಸಿ ನಾಲ್ಕೂವರೆ ವಾಟ್‌ಗಿಂತ ಕಮ್ಮಿ, ಎರಡನೇದ್ರಲ್ಲಿ ಕರೆಂಟ್ ಕಮ್ಮಿ ಬಂದ್ರೂ 10 ವಾಟ್ ಮೇಲೆ. ಕರೆಂಟ್ ಡಬಲ್ ಆದ್ರೆ ಬಿಸಿ ನಾಲ್ಕು ಪಟ್ಟು ಅನ್ನೋದು ನೆನಪಿರ್ಲಿ.

ಮಾರ್ಕೆಟ್‌ನಲ್ಲಿ ಮಿಲಿಓಮ್ ನೇರವಾಗಿ ತೋರಿಸೋ ಐಆರ್ (ಒಳಗಿನ ರೆಸಿಸ್ಟೆನ್ಸ್) ಮೀಟರ್ ಸಿಗುತ್ತೆ, ಬೇಗ ಸಾರ್ಟ್ ಮಾಡೋಕೆ ಒಳ್ಳೇದು. ಆದ್ರೆ ಅದು 1 ಕಿಲೋಹರ್ಟ್ಸ್ ಎಸಿಯಲ್ಲಿ ಅಳೆಯೋದು, ಅದರಲ್ಲಿ 13 ಬಂದ ಸೆಲ್ ನಮ್ಮ ಡಿಸಿ ಟೆಸ್ಟ್‌ನಲ್ಲಿ 25 ಬರಬಹುದು. ಎರಡೂ ಸರಿನೇ, ಒಂದರ ನಂಬರ್ ಇನ್ನೊಂದಕ್ಕೆ ಹೋಲಿಸಬೇಡಿ. ಡೇಟಾಶೀಟ್‌ನಲ್ಲೂ ಯಾವುದು ಕೊಟ್ಟಿದಾರೆ ಅಂತ ನೋಡ್ಕೊಳಿ.

ಕೆಪಾಸಿಟಿ ಮತ್ತೆ ಬಿಸಿ, ಒಂದೇ ಸಲಕ್ಕೆ

ಇದಕ್ಕೆ ಎರಡೇ ರೆಸಿಸ್ಟರ್ ಸಾಕು. ಫುಲ್ ಚಾರ್ಜ್ ಸೆಲ್ ಹಾಕಿ, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಒತ್ತಿ, 2.8 ವೋಲ್ಟ್ ಬರೋವರೆಗೂ ಬಿಡಿ. ವೈರ್ ಎಲ್ಲಾ ಸೇರಿ ಸರಾಸರಿ 6.5 ಆಂಪ್ ಹರಿಯುತ್ತೆ ಅಂತ ಇಟ್ಕೊಂಡ್ರೆ 2500ರ ಅಸಲಿ ಸೆಲ್ 21ರಿಂದ 23 ನಿಮಿಷ ಬರಬೇಕು, 3000ದ್ದು 25ರಿಂದ 28. ಹತ್ತು ಹನ್ನೊಂದು ನಿಮಿಷಕ್ಕೇ ಮುಗೀತು ಅಂದ್ರೆ ಅದು 1200 ಎಂಎಎಚ್ ಮಾಲು, ಮೇಲೆ ಏನೇ ಬರೆದಿರ್ಲಿ. ನಿಮಿಷಕ್ಕೊಂದ್ಸಲ ವೋಲ್ಟೇಜ್ ಬರ್ಕೊಂಡ್ರೆ ಇನ್ನೂ ಒಳ್ಳೇದು, ಯಾವ ಸೆಲ್ ಕೊನೇವರೆಗೂ ಮೇಲೇ ನಿಲ್ಲುತ್ತೆ ಅಂತ ಪಕ್ಕಪಕ್ಕ ಕಾಣುತ್ತೆ. ಎರಡು ಸೆಲ್ ಒಂದೇ ನಿಮಿಷ ಬಂದ್ರೂ ವೋಲ್ಟೇಜ್ ಮೇಲಿಟ್ಕೊಂಡಿರೋದೇ ಜಾಸ್ತಿ ಕೆಲಸ ಮಾಡಿರುತ್ತೆ, ಯಾಕಂದ್ರೆ ಮೋಟರ್‌ಗೆ ಬೇಕಾಗಿರೋದು ವಾಟ್.

ಟೆಂಪರೇಚರ್ 60 ಡಿಗ್ರಿ ಮುಟ್ಟಿದ್ರೆ ಅಲ್ಲಿಗೇ ನಿಲ್ಲಿಸಿ, ಪೂರ್ತಿ ಮಾಡಬೇಕು ಅಂತ ಹಠ ಬೇಡ. ಈ ಕರೆಂಟ್‌ಗೇ 60 ಬಂದಿದೆ ಅಂದ್ರೆ ಅದು ಹೈ ಡ್ರೈನ್ ಕೆಲಸಕ್ಕೆ ಆಗಲ್ಲ ಅನ್ನೋ ಉತ್ತರ ಸಿಕ್ಕಾಯ್ತು. ಇಲ್ಲಿ ನಮ್ಮ ಬಯಲುಸೀಮೆ ಬಿಸಿಲೂ ಲೆಕ್ಕಕ್ಕೆ ಬರುತ್ತೆ. ಏಪ್ರಿಲ್‌ನಲ್ಲಿ ಬದು ಮೇಲೆ ಬಿಸಿಲಲ್ಲಿ ಇಟ್ಟ ಪ್ಯಾಕ್ ಕೆಲಸ ಶುರು ಮಾಡೋಕೆ ಮುಂಚೆನೇ ಕಾದಿರುತ್ತೆ, ಅಂಗಳದ ನೆರಳಲ್ಲಿ ಪಾಸಾದ ಸೆಲ್ ಅಲ್ಲಿ ಫೇಲ್ ಆಗುತ್ತೆ. ಕಂಪನಿ 20 ಆಂಪ್ ಅಂದ್ರೆ ನಾನು 14, 15ಕ್ಕೇ ಲೆಕ್ಕ ಹಾಕ್ತೀನಿ. ಬಿಸಿ ಪ್ಯಾಕ್‌ನ ತಂದ ತಕ್ಷಣ ಚಾರ್ಜ್‌ಗೆ ಹಾಕಬೇಡಿ, 45 ಡಿಗ್ರಿ ಮೇಲೆ ಚಾರ್ಜ್ ಮಾಡೋದು ಈ ಸೆಲ್‌ಗಳಿಗೆ ಆಗಿಬರಲ್ಲ, ಊಟ ಮುಗಿಸಿ ತಣ್ಣಗಾದ ಮೇಲೆ ಹಾಕಿ.

ಪ್ಯಾಕ್ ಕಟ್ಟೋಕೆ ಮುಂಚೆ

ಟೆಸ್ಟ್ ಪಾಸಾದ ಸೆಲ್‌ಗಳನ್ನ ಮತ್ತೆ ಫುಲ್ ಚಾರ್ಜ್ ಮಾಡಿ, ಮಾರನೇ ದಿನ ವೋಲ್ಟೇಜ್ ಬರೆದಿಟ್ಟು, ಎರಡು ವಾರ ಮುಟ್ಟದೆ ತಂಪು ಜಾಗದಲ್ಲಿ ಇಡಿ. ಎಲ್ಲಾ 4.17ರ ಹತ್ರ ಇದ್ದು ಒಂದು ಮಾತ್ರ 4.08ಕ್ಕೆ ಇಳಿದಿದ್ರೆ ಅದು ಒಳಗೇ ಸೋರ್ತಿದೆ, ತೆಗೆದು ಪಕ್ಕಕ್ಕಿಡಿ. ಇದನ್ನ ಅವಸರ ಅಂತ ಯಾರೂ ಮಾಡಲ್ಲ, ಆರು ತಿಂಗಳಾದ ಮೇಲೆ ಪ್ಯಾಕ್ ಬ್ಯಾಲೆನ್ಸ್ ಕಳ್ಕೊಂಡು ವಾಪಸ್ ಬರುತ್ತೆ.

ಆಮೇಲೆ ಸೆಲ್ ಮೇಲೆ ಮಾರ್ಕರ್‌ನಲ್ಲಿ ಮಿಲಿಓಮ್, ನಿಮಿಷ, ತಾರೀಖು ಬರೆದು, ಹತ್ತಿರ ಹತ್ತಿರ ಇರೋವನ್ನ ಒಂದು ಪ್ಯಾಕ್‌ಗೆ ಜೋಡಿಸಿ. ಒಂದೇ ಮಾಡೆಲ್, ಒಂದೇ ಲಾಟ್ ಆಗಿರಲಿ, ಹಳೇ ನಾಲ್ಕರ ಜೊತೆ ಹೊಸದೊಂದು ಹಾಕಿಕೊಡಿ ಅಂತ ಗಿರಾಕಿ ಎಷ್ಟೇ ಕೇಳಿದ್ರೂ ಒಪ್ಪಬೇಡಿ. ಸೆಲ್‌ಗೆ ನೇರವಾಗಿ ಸೋಲ್ಡರ್ ಮಾಡಬೇಡಿ, ಸ್ಪಾಟ್ ವೆಲ್ಡಿಂಗೇ ಆಗಬೇಕು. ಪಟ್ಟಿ ಕೂಡ ಪ್ಯೂರ್ ನಿಕಲ್ ತಗೊಳಿ, ಕಬ್ಬಿಣಕ್ಕೆ ನಿಕಲ್ ಲೇಪ ಮಾಡಿರೋದು ಸಿಗುತ್ತೆ, ಅದರ ರೆಸಿಸ್ಟೆನ್ಸ್ ಜಾಸ್ತಿ. ಇಷ್ಟೆಲ್ಲಾ ಆರಿಸಿದ ಸೆಲ್‌ನ ತಾಕತ್ತು ಪಟ್ಟಿಯಲ್ಲೇ ಬಿಸಿಯಾಗಿ ಹೋಗುತ್ತೆ. ಲೇಪದ ಪಟ್ಟಿ ಹೌದೋ ಅಲ್ವೋ ನೋಡೋಕೆ ಒಂದು ತುಂಡು ಉಜ್ಜಿ ಉಪ್ಪುನೀರಲ್ಲಿ ರಾತ್ರಿಯೆಲ್ಲಾ ಇಡಿ, ಬೆಳಗ್ಗೆ ತುಕ್ಕು ಬಂದಿದ್ರೆ ಕಬ್ಬಿಣ. ಆಯಸ್ಕಾಂತದಿಂದ ಗೊತ್ತಾಗಲ್ಲ, ನಿಕಲ್ಲೂ ಅಂಟುತ್ತೆ.

ಪ್ರೂನಿಂಗ್ ಮುಗಿದ ಮೇಲೆ ಪ್ಯಾಕ್‌ನ ಫುಲ್ ಚಾರ್ಜ್‌ನಲ್ಲಿ ಅಟ್ಟದ ಮೇಲೆ ಎಸೀಬೇಡಿ, ಸೆಲ್‌ಗೆ 3.7ರ ಹತ್ರ, ಅಂದ್ರೆ ಐದು ಸೆಲ್ ಪ್ಯಾಕ್ 18.5 ವೋಲ್ಟ್ ಇರೋ ಹಾಗೆ ಇಟ್ಟು, ಎರಡು ಮೂರು ತಿಂಗಳಿಗೊಮ್ಮೆ ಮೀಟರ್ ಇಟ್ಟು ನೋಡಿ. ಫೇಲ್ ಆದ ಸೆಲ್‌ಗಳ ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಕೆಂಪು ಮಾರ್ಕರ್‌ನಲ್ಲಿ ಅಡ್ಡ ಗೀಟು ಹಾಕಿ, ಬೇರೆ ಡಬ್ಬಿಯಲ್ಲಿ ಕೂಡಿಟ್ಟು ಇ-ವೇಸ್ಟ್ ತಗೊಳೋರಿಗೆ ಕೊಡಿ, ಕಸದ ಗಾಡಿಗೆ ಹಾಕಿದ್ರೆ ಅದು ಅಮುಕಿದಾಗ ಗಾಡಿಯಲ್ಲೇ ಹೊತ್ಕೊಳಬಹುದು.